ಹಲ್ಲಿನ ಕ್ಲಿಪ್ಪಿಗೆ ಯಾವ ಬಣ್ಣದ ರಬ್ಬರ್? ನಮ್ಮ ಮೈಬಣ್ಣಕ್ಕೂ ನಮ್ಮ ಊಟಕ್ಕೂ ಒಪ್ಪುವಂತೆ ಆರಿಸುವ ಬಗೆ

ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಬಳ್ಳಾರಿಯಲ್ಲೇ ಅವಳ ಹಲ್ಲಿಗೆ ಕ್ಲಿಪ್ ಹಾಕಿಸಿದೆವು. ತಂತಿ ಕೂರಿಸಿ ಆದ ಮೇಲೆ ಸಿಸ್ಟರ್ ಒಂದು ಡಬ್ಬಿ ತೆರೆದು, "ಯಾವ ಕಲರ್ ಬೇಕಮ್ಮಾ?" ಎಂದು ಕೇಳಿದರು. ಡಬ್ಬಿಯ ತುಂಬ ಬಣ್ಣಬಣ್ಣದ ರಬ್ಬರ್ ಕಡ್ಡಿಗಳು. ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹೊರಗೆ ಆರೇಳು ಜನ ಕಾಯುತ್ತಿದ್ದರು. ಹಲ್ಲೂ ಬಿಳಿ, ರಬ್ಬರೂ ಬಿಳಿ ಇದ್ದರೆ ಎದ್ದು ಕಾಣಲಿಕ್ಕಿಲ್ಲ ಎಂದುಕೊಂಡು ನಾನೇ "ಬಿಳಿ ಹಾಕಿ" ಎಂದುಬಿಟ್ಟೆ.

ಮನೆಗೆ ಬಂದು ಬಾಗಿಲ ಬೆಳಕಿನಲ್ಲಿ ಕನ್ನಡಿ ಹಿಡಿದ ಮಗಳು, "ಅಮ್ಮಾ, ನನ್ನ ಹಲ್ಲು ಇಷ್ಟು ಹಳದಿ ಅದಾವೇನು?" ಎಂದಳು. ಅಚ್ಚ ಬಿಳಿ ರಬ್ಬರಿನ ಪಕ್ಕದಲ್ಲಿ ಒಳ್ಳೆಯ ಹಲ್ಲೂ ಹಳದಿಯಾಗಿ ಕಂಡಿತ್ತು. ಮೂರನೇ ದಿನಕ್ಕೆ ಮಂಡಕ್ಕಿ ಒಗ್ಗರಣೆಯ ಅರಿಶಿನ ಹಿಡಿದು ರಬ್ಬರೂ ಹಳದಿಯಾಯಿತು. ಮುಂದಿನ ಸಲ ಡಾಕ್ಟರ್ ಬಳಿ ಹೋಗುವವರೆಗೆ, ಐದು ವಾರ, ಆ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟೇ ನಕ್ಕಳು. ಅದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಆಮೇಲೆ ಎರಡು ವರ್ಷ ಪ್ರತಿ ಸಲವೂ ಬಣ್ಣವನ್ನು ಯೋಚಿಸಿ ಆರಿಸಿದೆವು, ಫೋಟೋ ತೆಗೆದಿಟ್ಟೆವು, ಯಾವುದು ಎಷ್ಟು ದಿನ ಬಾಳಿತು ಎಂದು ಬರೆದಿಟ್ಟೆವು. ಸಿಂಧನೂರಿನಲ್ಲಿರುವ ತಂಗಿಯ ಮಗಳು, ಕೊಪ್ಪಳದ ಮೈದುನನ ಮಗ ಇಬ್ಬರಿಗೂ ಆಮೇಲೆ ಕ್ಲಿಪ್ ಹಾಕಿಸಿದಾಗ ಅದೇ ಲೆಕ್ಕ ಉಪಯೋಗಕ್ಕೆ ಬಂತು. ಈ ವಿಷಯದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವರಿಗೆ, ಅರಿಶಿನ ಮುಟ್ಟದ ಊಟದವರಿಗೆ ಬರೆದವು. ನಮ್ಮ ಕಡೆಯ ಮಕ್ಕಳಿಗೆ ಅವನ್ನು ಹಾಗೆಯೇ ಹಚ್ಚಿದರೆ ನನಗಾದಂತೆಯೇ ಆಗುತ್ತದೆ.

ಈ ರಬ್ಬರ್ ಮಾಡುವ ಕೆಲಸ

ಹಲ್ಲಿಗೆ ಅಂಟಿಸುವ ಪುಟ್ಟ ಚೌಕಗಳಿಗೆ ಬ್ರಾಕೆಟ್ ಎನ್ನುತ್ತಾರೆ. ಅವುಗಳ ಸೀಳಿನಲ್ಲಿ ತಂತಿ ಹಾದು ಹೋಗುತ್ತದೆ. ತಂತಿ ಸೀಳಿನಿಂದ ಹೊರಬರದಂತೆ ಪ್ರತಿ ಬ್ರಾಕೆಟ್ಟನ್ನೂ ಸುತ್ತಿ ಹಿಡಿಯುವ ಸಣ್ಣ ಬಳೆಯೇ ಈ ರಬ್ಬರ್. ಡಾಕ್ಟರುಗಳು ಇದನ್ನು ಲಿಗೇಚರ್ ಅಥವಾ ಮಾಡ್ಯೂಲ್ ಎನ್ನುತ್ತಾರೆ. ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ವಸ್ತುವಿನಿಂದ ಮಾಡಿರುತ್ತಾರೆ. ಬಾಯಿಯ ಶಾಖ, ಎಂಜಲಿನ ತೇವಕ್ಕೆ ಇದು ಬೇಗ ಸಡಿಲವಾಗುತ್ತದೆ. ಆದ್ದರಿಂದಲೇ 4ರಿಂದ 6 ವಾರಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದು ಹಾಕುತ್ತಾರೆ. ಬಣ್ಣ ಯಾವುದಾದರೂ ಕೆಲಸ ಒಂದೇ. ಕೆಂಪು ಹಾಕಿದರೆ ಹಲ್ಲು ಬೇಗ ಸರಿಯುತ್ತದೆ, ಕಪ್ಪು ಹಾಕಿದರೆ ನೋವು ಹೆಚ್ಚು ಎಂದೆಲ್ಲ ಮಕ್ಕಳು ಶಾಲೆಯಲ್ಲಿ ಮಾತಾಡಿಕೊಳ್ಳುತ್ತಾರೆ, ಅದರಲ್ಲಿ ಹುರುಳಿಲ್ಲ.

ಎಷ್ಟು ರಬ್ಬರ್ ಇರುತ್ತವೆ ಎಂದು ತಿಳಿದಿದ್ದರೆ ಬಣ್ಣ ಹಂಚಲು ಸುಲಭ. ದವಡೆ ಹಲ್ಲುಗಳಿಗೆ ಸಾಮಾನ್ಯವಾಗಿ ಕೊಳವೆಯಂತಹ ಟ್ಯೂಬ್ ಇರುವುದರಿಂದ ಅಲ್ಲಿ ಈ ಬಳೆ ಬೇಕಾಗುವುದಿಲ್ಲ. ಉಳಿದಂತೆ ಮೇಲೆ 10, ಕೆಳಗೆ 10. ಜಾಗ ಮಾಡಲು ನಾಲ್ಕು ಹಲ್ಲು ಕಿತ್ತಿದ್ದರೆ ಒಟ್ಟು 16. ನಕ್ಕಾಗ ಎದುರಿನವರಿಗೆ ಕಾಣುವುದು ಮೇಲಿನ 6ರಿಂದ 8 ಮಾತ್ರ. ಆದ್ದರಿಂದ ಅಂದಚಂದದ ಯೋಚನೆಯೆಲ್ಲ ಮೇಲಿನ ಮುಂದಿನ ಹಲ್ಲುಗಳಿಗೆ ಮೀಸಲಿಟ್ಟರೆ ಸಾಕು.

ಎಲ್ಲರಿಗೂ ಬಣ್ಣದ ಆಯ್ಕೆ ಇರುವುದಿಲ್ಲ. ಸೆಲ್ಫ್ ಲಿಗೇಟಿಂಗ್ ಎಂಬ ಬಗೆಯ ಬ್ರಾಕೆಟ್ಟಿಗೆ ತನ್ನದೇ ಸಣ್ಣ ಬಾಗಿಲು ಇರುತ್ತದೆ, ಅದಕ್ಕೆ ರಬ್ಬರೇ ಬೇಡ. ಕೆಲವು ಹಂತಗಳಲ್ಲಿ ಡಾಕ್ಟರ್ ರಬ್ಬರಿನ ಬದಲು ತೆಳ್ಳನೆಯ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಆಗ ಬಣ್ಣಕ್ಕಾಗಿ ಹಟ ಹಿಡಿಯಬೇಡಿ. ಇನ್ನು ಹಲ್ಲಿನ ಸಂದಿ ಬಿಡಿಸಲು ಮೊದಲ ವಾರ ತೂರಿಸುವ ರಬ್ಬರ್ ಬೇರೆ, ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ನಾವೇ ದಿನಾ ಹಾಕಿಕೊಳ್ಳುವ ರಬ್ಬರ್ ಬೇರೆ. ಇಲ್ಲಿ ಹೇಳುವುದೆಲ್ಲ ಬ್ರಾಕೆಟ್ಟಿನ ಬಳೆಗೆ ಮಾತ್ರ.

ಮೊದಲು ಹಲ್ಲಿನ ಬಣ್ಣ ನೋಡಿ, ಮುಖದ್ದು ಆಮೇಲೆ

ನಾನು ತಪ್ಪಿದ್ದು ಇಲ್ಲೇ. ಹಲ್ಲು ಬಿಳಿ ಎಂದು ನಾವು ಹೇಳುತ್ತೇವೆಯೇ ಹೊರತು ಸುಣ್ಣದಂತೆ ಬಿಳಿ ಯಾರ ಹಲ್ಲೂ ಇರುವುದಿಲ್ಲ. ಮೇಲಿನ ಎನಾಮಲ್ ಪದರ ಅರೆ ಪಾರದರ್ಶಕ. ಅದರೊಳಗಿನ ಡೆಂಟಿನ್ ಎಂಬ ಪದರಕ್ಕೆ ಹುಟ್ಟಿನಿಂದಲೇ ತುಸು ಹಳದಿ. ಕೋರೆಹಲ್ಲು ಪಕ್ಕದ ಹಲ್ಲುಗಳಿಗಿಂತ ಹಳದಿಯಾಗಿ ಕಾಣುವುದೂ ಇದಕ್ಕೇ. ಅದು ಕೊಳೆಯಲ್ಲ. ತಿಕ್ಕಿ ತಿಕ್ಕಿ ತೊಳೆದರೆ ಹೋಗುವಂಥದ್ದೂ ಅಲ್ಲ.

ಬೆಳಗಿನ ಹೊತ್ತು, ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಎದುರು ನಿಂತು ತುಟಿಯ ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು ನೋಡಿ. ಹಾಳೆಗೆ ಹೋಲಿಸಿದರೆ ಹಲ್ಲು ಕೆನೆಯ ಬಣ್ಣವೋ, ಹಳದಿಯೋ, ಬೂದುಬಿಳಿಯೋ, ಕಲೆ ಇವೆಯೋ ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ಹೆಚ್ಚಿನವರದು ಕೆನೆಯಿಂದ ತಿಳಿಹಳದಿಯ ತನಕ ಬರುತ್ತದೆ. ಅಂಥ ಹಲ್ಲಿಗೆ ನೀಲಿ ಬೆರೆತ ಗಾಢ ಬಣ್ಣಗಳು ಒಳ್ಳೆಯವು. ರಾಯಲ್ ನೀಲಿ, ನೇವಿ ನೀಲಿ, ನೇರಳೆ, ವೈನ್ ಬಣ್ಣ, ನವಿಲು ನೀಲಿ ಇವು ಆ ಗುಂಪಿನವು. ಗಾಢ ಬಣ್ಣದ ಪಕ್ಕ ಯಾವ ವಸ್ತುವಾದರೂ ತಿಳಿಯಾಗಿ ಕಾಣುತ್ತದೆ, ಹಲ್ಲೂ ಅಷ್ಟೆ. ಅದರ ಮೇಲೆ ನೀಲಿಯ ಗುಣ ಒಂದಿದೆ. ಬಿಳಿ ಪಂಚೆ ಹಳದಿಗಟ್ಟಿದರೆ ಕೊನೆಯ ನೀರಿಗೆ ನಾಲ್ಕು ಹನಿ ನೀಲಿ ಹಾಕುತ್ತೇವಲ್ಲ? ನೀಲಿ ಹಳದಿಯನ್ನು ಅಡಗಿಸುತ್ತದೆ. ಮಾತಾಡುವಷ್ಟು ದೂರದಿಂದ ನೋಡುವ ಕಣ್ಣು ಈ ಸಣ್ಣ ಬಳೆಗಳನ್ನು ಬಿಡಿಬಿಡಿಯಾಗಿ ಕಾಣದೆ ಹಲ್ಲಿನೊಂದಿಗೆ ಕೂಡಿಸಿ ನೋಡುವುದರಿಂದ ಇಲ್ಲೂ ಹಾಗೆಯೇ ಕಾಣುತ್ತದೆ.

ಹಳದಿ, ಕಿತ್ತಳೆ, ಬಂಗಾರದ ಬಣ್ಣ ಇದಕ್ಕೆ ತದ್ವಿರುದ್ಧ. ಹಲ್ಲಿನಲ್ಲಿರುವ ಹಳದಿಯನ್ನೇ ಎತ್ತಿ ತೋರಿಸುತ್ತವೆ. ಕಂದು ಬಣ್ಣ ಯಾರಿಗೂ ಬೇಡ, ಹುಳುಕಿನಂತೆ ಕಾಣುತ್ತದೆ. ಕಡು ಹಸಿರು ಹಾಕಿಸಿಕೊಂಡರೆ ಪಾಲಕ್ ತಿಂದು ಬಾಯಿ ಮುಕ್ಕಳಿಸಿಲ್ಲವೇನೋ ಎಂದು ಎದುರಿನವರು ಅಂದುಕೊಳ್ಳುತ್ತಾರೆ. ಹಸಿರೇ ಬೇಕೆಂದರೆ ನೀಲಿಯತ್ತ ವಾಲುವ ನವಿಲು ಹಸಿರು ಕೇಳಿ. ಕಪ್ಪು ಹಲ್ಲನ್ನು ಬೆಳ್ಳಗೆ ಕಾಣಿಸುತ್ತದೆ ನಿಜ, ಆದರೆ ದೂರದಿಂದ ಸಂದಿ ಬಿಟ್ಟಂತೆ ಕಾಣುತ್ತದೆ. ಕಪ್ಪಿಗೆ ಆಸೆಪಡುವ ಹುಡುಗರಿಗೆ ನಾನು ನೇವಿ ನೀಲಿ ಹೇಳುತ್ತೇನೆ. ಕೊಪ್ಪಳದ ಹುಡುಗ ಇದಕ್ಕೆ ತಾನೇ ಹೆಸರಿಟ್ಟ: "ದೊಡ್ಡವ್ವ, ನನಗ ನಮ್ ಬಳ್ಳಾರಿ ಜೀನ್ಸ್ ಬಣ್ಣ ಇರ್ಲಿ." ಈಗಲೂ ಅವನದು ಅದೇ.

ಪಾರದರ್ಶಕ ರಬ್ಬರ್ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ದೊಡ್ಡವರು, ಕೆಲಸಕ್ಕೆ ಹೋಗುವವರು, ಮದುವೆ ಮಾತುಕತೆಯಲ್ಲಿರುವ ಹುಡುಗಿಯರು ಮೊದಲು ಕೇಳುವುದು ಅದನ್ನೇ. ಹಾಕಿದ ದಿನ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಊಟದ ಮುಂದೆ ಅದು ಬಾಳುವುದು ಎರಡು ಮೂರು ದಿನ. ಎದ್ದು ಕಾಣಬಾರದು ಎಂಬುದೇ ನಿಮ್ಮ ಆಸೆಯಾದರೆ, ಲೋಹದ ಬ್ರಾಕೆಟ್ ಇರುವವರು ಬೂದು ಅಥವಾ ಬೆಳ್ಳಿ ಬಣ್ಣ ಹಾಕಿಸಿ. ಅದು ಬ್ರಾಕೆಟ್ಟಿನಲ್ಲೇ ಕರಗಿಹೋಗುತ್ತದೆ. ಸೆರಾಮಿಕ್ ಬ್ರಾಕೆಟ್ ಹಾಕಿಸಿದವರಿಗೆ ಮುತ್ತಿನ ಬೂದು ಸಿಕ್ಕರೆ ಒಳ್ಳೆಯದು. ಕೆಲವು ಆಸ್ಪತ್ರೆಗಳಲ್ಲಿ ಬೂದು ಒಂದೇ ಇಟ್ಟಿರುತ್ತಾರೆ. ಅಲ್ಲಿ ಆಯ್ಕೆ ಇಲ್ಲವೆಂದು ಮಕ್ಕಳು ಬೇಸರ ಮಾಡಿಕೊಂಡರೆ ಹೇಳಿ, ಬೂದು ಕೆಟ್ಟ ಆಯ್ಕೆಯೇ ಅಲ್ಲ.

ಬೋರ್ ನೀರಿನ ಕಲೆ ಇರುವ ಹಲ್ಲಿಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನಲ್ಲಿ ಸುಣ್ಣದ ಗೆರೆಯಂಥ ಬಿಳಿ ಮಚ್ಚೆ, ಹೆಚ್ಚಾದರೆ ಕಂದು ಪಟ್ಟೆ ಉಳಿದುಬಿಡುತ್ತದೆ. ಹಲ್ಲುಜ್ಜದ ಮಕ್ಕಳು ಎಂದು ಇವರನ್ನು ಬೈಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಮಕ್ಕಳ ತಪ್ಪಲ್ಲ, ನೀರಿನದು.

ನನ್ನ ತಂಗಿಯ ಮಗಳು ಅಂಥವಳೇ. ಕ್ಲಿಪ್ ಹಾಕಿಸುವ ಮೊದಲು "ಕರೆ ಹಿಡಿದ ಹಲ್ಲಿಗೆ ಬಣ್ಣ ಯಾಕ, ಇನ್ನೂ ಎದ್ದು ಕಾಣ್ತಾವ" ಎಂದು ಮನೆಯಲ್ಲಿ ಮಾತು ಬಂತು. ನಾವು ಸಾವಕಾಶವಾಗಿ ಪರೀಕ್ಷೆ ಮಾಡಿದೆವು. ಕಂದು ಮಚ್ಚೆ ಇರುವವರಿಗೆ ಕಂದು, ಕಿತ್ತಳೆ, ಹಳದಿ, ಇಟ್ಟಿಗೆಗೆಂಪು ಆಗಬರುವುದಿಲ್ಲ. ಮಚ್ಚೆಯೇ ಹರಡಿಕೊಂಡಂತೆ ಕಾಣುತ್ತದೆ. ಬಿಳಿ ಮಚ್ಚೆ ಇರುವವರಿಗೆ ಬಿಳಿ ರಬ್ಬರೂ ಸರಿಬರುವುದಿಲ್ಲ, ತೀರಾ ಕಡು ನೇವಿ ಅಥವಾ ಕಪ್ಪೂ ಸರಿಬರುವುದಿಲ್ಲ. ಕಡು ಬಣ್ಣದೆದುರು ಹಲ್ಲಿನಂತೆ ಮಚ್ಚೆಯೂ ಹೊಳೆದು ಕಾಣುತ್ತದೆ. ನಡುವಿನ ಬಣ್ಣಗಳು ಒಪ್ಪಿದವು: ನೇರಳೆ ಹಣ್ಣಿನ ಬಣ್ಣ, ಬೂದುನೀಲಿ, ನವಿಲು ನೀಲಿ. ನೋಡುವವರ ಕಣ್ಣು ಬಣ್ಣದ ಮೇಲೆ ನಿಂತಿತು, ಮಚ್ಚೆ ಹಿಂದೆ ಸರಿಯಿತು. ಆ ಹುಡುಗಿ ನೇರಳೆಯನ್ನೇ ಮೂರು ಸಲ ಹಾಕಿಸಿಕೊಂಡಳು.

ಒಂದು ಮಾತು ಬಣ್ಣಕ್ಕೆ ಸೇರಿದ್ದಲ್ಲ, ಆದರೂ ಹೇಳಬೇಕು. ಫ್ಲೋರೈಡ್ ಹಿಡಿದ ಎನಾಮಲ್ ಮೇಲೆ ಬ್ರಾಕೆಟ್ ಅಂಟುವುದು ಕಷ್ಟ, ಬೇಗ ಬಿಡಬಹುದು. ಚಿಕ್ಕಂದಿನಲ್ಲಿ ಯಾವ ಊರಿನ ನೀರು ಕುಡಿದದ್ದು ಎಂದು ಮೊದಲ ದಿನವೇ ಡಾಕ್ಟರಿಗೆ ತಿಳಿಸಿ. ಬಳ್ಳಾರಿಯ ಸರ್ಕಾರಿ ದಂತ ಕಾಲೇಜು, ರಾಯಚೂರಿನ ದಂತ ಕಾಲೇಜುಗಳಿಗೆ ಇಂಥ ಹಲ್ಲಿನ ಮಕ್ಕಳು ಸುತ್ತಲಿನ ಹಳ್ಳಿಗಳಿಂದಲೇ ಬರುತ್ತಾರೆ. ಅಲ್ಲಿಯವರಿಗೆ ಇದು ಹೊಸತಲ್ಲ.

ಮೈಬಣ್ಣ, ತುಟಿ, ಒಸಡು

"ಕಪ್ಪಗಿರೋರಿಗೆ ಗಾಢ ಬಣ್ಣ ಬೇಡ, ಸುಮ್ಮನೆ ತಿಳಿ ಬಣ್ಣ ಹಾಕಿಸು" ಎಂಬ ಮಾತು ನನ್ನ ಮಗಳ ಕಿವಿಗೂ ಬಿತ್ತು. ಈ ಮಾತನ್ನು ಒಪ್ಪಬೇಡಿ. ನಾಡಿನ ನೇಕಾರರು ನಮ್ಮ ಮೈಬಣ್ಣ ನೋಡಿಯೇ ಬಣ್ಣ ಆರಿಸಿದರೇನೋ ಎನ್ನಿಸುತ್ತದೆ. ಇಳಕಲ್ ಸೀರೆಯ ದಾಳಿಂಬೆ ಕೆಂಪು, ನವಿಲು ಹಸಿರು ಕಪ್ಪು ಮೈಗೆ ಎಷ್ಟು ಚೆನ್ನಾಗಿ ಒಪ್ಪುತ್ತವೆ ನೋಡಿ. ಸಂಡೂರಿನ ಲಂಬಾಣಿ ಕಸೂತಿಯ ಕೆಂಪು, ನೀಲಿಗಳನ್ನು ನೋಡಿ. ತಿಳಿಗುಲಾಬಿ, ತಿಳಿನೀಲಿ, ಕೆನೆ ಬಣ್ಣಗಳು ಎಣ್ಣೆಗೆಂಪು ಮುಖದಲ್ಲಿ ಸುಣ್ಣ ಹಚ್ಚಿದಂತೆ ಬೇರೆಯಾಗಿ ನಿಲ್ಲುತ್ತವೆ. ಗಾಢ ಬಣ್ಣ ಮುಖದೊಳಗೆ ಸೇರಿಕೊಳ್ಳುತ್ತದೆ.

ಕೈಯ ನರದ ಬಣ್ಣ ನೋಡಿ ಮೈಬಣ್ಣ ಗುರುತಿಸುವ ಒಂದು ಉಪಾಯ ಚಾಲ್ತಿಯಲ್ಲಿದೆ. ನಮ್ಮಂಥವರ ಕೈಯಲ್ಲಿ ನರವೇ ಸರಿಯಾಗಿ ಕಾಣದಿರುವಾಗ ಅದು ಏನು ಹೇಳೀತು? ನನ್ನ ಉಪಾಯ ಬೇರೆ. ಮನೆಯಲ್ಲಿ ಉಡಿ ತುಂಬಿದಾಗ ಬಂದ ಖಣಗಳು ಇದ್ದೇ ಇರುತ್ತವೆ. ಐದಾರು ಬಣ್ಣದವನ್ನು ತೆಗೆದು, ಬೆಳಗಿನ ಬೆಳಕಿನಲ್ಲಿ ಒಂದೊಂದನ್ನೇ ಮಡಚಿ ಕೆಳತುಟಿಯ ಕೆಳಗೆ ಹಿಡಿದು ನಗಲು ಹೇಳಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಫೋಟೋಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಯಾವ ಬಣ್ಣಕ್ಕೆ ಮುಖ ಅರಳಿತು, ಯಾವುದಕ್ಕೆ ಬಾಡಿತು ಎಂಬುದು ಮಕ್ಕಳಿಗೇ ತಿಳಿಯುತ್ತದೆ. ಖಣ ಇಲ್ಲದಿದ್ದರೆ ದುಪಟ್ಟಾ ಆಗುತ್ತದೆ, ಹುಡುಗರಿಗೆ ಅಂಗಿಯೇ ಸಾಕು.

ನಮಗೆ ಕಂಡುಬಂದದ್ದು ಹೀಗೆ. ಎಣ್ಣೆಗೆಂಪು ಮತ್ತು ಕಪ್ಪು ಮೈಬಣ್ಣಕ್ಕೆ ರಾಯಲ್ ನೀಲಿ, ನೇರಳೆ, ರಾಣಿ ಗುಲಾಬಿ, ದಾಳಿಂಬೆ ಕೆಂಪು. ಗೋಧಿ ಬಣ್ಣದವರಿಗೆ ಮರೂನ್, ನವಿಲು ಹಸಿರು, ನೇವಿ. ಬೆಳ್ಳಗಿರುವವರಿಗೆ ಹೆಚ್ಚುಕಡಿಮೆ ಎಲ್ಲವೂ ನಡೆಯುತ್ತದೆ, ಆದರೆ ಅವರು ಇಷ್ಟಪಡುವ ತಿಳಿ ಬಣ್ಣಗಳು ಊಟದೆದುರು ಸೋಲುತ್ತವೆ.

ಮುಖಕ್ಕಿಂತ ರಬ್ಬರಿಗೆ ಹತ್ತಿರ ಇರುವುದು ತುಟಿ ಮತ್ತು ಒಸಡು. ಇದನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಬಹಳ ಜನರ ಒಸಡು ಕಂದು ಅಥವಾ ಕಪ್ಪು ಛಾಯೆಯದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅಲ್ಲಿಯೂ ಇದೆ, ಅದು ರೋಗವಲ್ಲ. ಒಸಡು ಗುಲಾಬಿಯಿದ್ದವರಿಗೆ ತಿಳಿಗುಲಾಬಿ ರಬ್ಬರ್ ಒಪ್ಪುತ್ತದೆ, ಕಂದು ಒಸಡಿನವರಿಗೆ ಒಪ್ಪುವುದಿಲ್ಲ. ಅವರಿಗೆ ನೀಲಿ, ನೇರಳೆ ಒಳ್ಳೆಯದು. ಕೆಂಪು ಬೇಕೆಂದರೆ ಕೇಸರಿಯತ್ತ ವಾಲುವ ಕೆಂಪು ಬೇಡ. ಅದು ಹಲ್ಲನ್ನು ಹಳದಿ ಮಾಡುವುದಲ್ಲದೆ, ನಕ್ಕಾಗ ಒಸಡು ಹೆಚ್ಚು ಕಾಣುವವರಲ್ಲಿ ರಕ್ತ ಬಂದಂತೆ ಕಾಣುತ್ತದೆ. ದಾಳಿಂಬೆ, ಮರೂನ್, ವೈನ್ ಕೇಳಿ.

ತಟ್ಟೆಯನ್ನು ಮರೆತರೆ ಕೆಟ್ಟಿತು

ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಅದು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಒಗ್ಗರಣೆಯ ಎಣ್ಣೆಯ ಜೊತೆ ಸೇರಿ ರಬ್ಬರಿನೊಳಕ್ಕೇ ಇಳಿದುಬಿಡುತ್ತದೆ, ಬ್ರಷ್ಷಿಗೆ ಸಿಗುವುದಿಲ್ಲ. ಬಟ್ಟೆಗೆ ಅರಿಶಿನ ತಾಗಿದರೆ ಬಿಸಿಲಿಗೆ ಹರವುತ್ತೇವೆ, ಕಲೆ ಮಾಸುತ್ತದೆ, ಏಕೆಂದರೆ ಕರ್ಕ್ಯುಮಿನ್ ಬಿಸಿಲಿಗೆ ಒಡೆದುಹೋಗುತ್ತದೆ. ಬಾಯೊಳಗೆ ಬಿಸಿಲೆಲ್ಲಿ ಬರಬೇಕು? ಹಿಡಿದ ಹಳದಿ ಮುಂದಿನ ಬದಲಾವಣೆವರೆಗೆ ಅಲ್ಲೇ. ಖಾರದಪುಡಿಯ ಎಣ್ಣೆ, ಟೊಮೆಟೊ, ಚಹಾ, ಕಾಫಿಯೂ ಬಣ್ಣ ಬಿಡುತ್ತವೆ, ಆದರೆ ಅರಿಶಿನದ ಮುಂದೆ ಅವೆಲ್ಲ ಸಣ್ಣವು.

ಹಾಗಾಗಿ ಬಣ್ಣ ಆರಿಸುವಾಗ ಅದಕ್ಕೆ ಹಳದಿ ಸೇರಿದರೆ ಏನಾಗುತ್ತದೆ ಎಂದು ಚಿತ್ರ ಬರೆಯುವ ಮಕ್ಕಳಂತೆ ಯೋಚಿಸಿ. ತಿಳಿನೀಲಿ ನಾಲ್ಕು ದಿನದಲ್ಲಿ ಪಾಚಿ ಹಸಿರಾಗುತ್ತದೆ. ನಾವು ಇದನ್ನು ಅನುಭವಿಸಿದ್ದೇವೆ. ತಿಳಿಗುಲಾಬಿ ಕಿತ್ತಳೆಯಾಗುತ್ತದೆ. ಲ್ಯಾವೆಂಡರ್ ಕೊಳಕು ಬೂದಾಗುತ್ತದೆ. ನೇವಿ, ರಾಯಲ್ ನೀಲಿ, ಗಾಢ ನೇರಳೆ, ಮರೂನ್ ಇವು ಹಳದಿಯನ್ನು ನುಂಗಿಕೊಂಡು ಐದು ವಾರವೂ ಹೆಚ್ಚುಕಡಿಮೆ ಹಾಗೆಯೇ ಇದ್ದವು. ರಾಣಿ ಗುಲಾಬಿ ಮೂರು ವಾರ ಚೆಂದವಿತ್ತು, ಆಮೇಲೆ ಸ್ವಲ್ಪ ಕೆಂಪಿಗೆ ತಿರುಗಿತು.

ಮಿರ್ಚಿ ಬಜಿ, ಒಗ್ಗರಣೆ ಮಂಡಕ್ಕಿ ಬಿಟ್ಟು ಬಳ್ಳಾರಿಯಲ್ಲಿ ಸಂಜೆ ಕಳೆಯುವುದು ಹೇಗೆ? ಬಿಡಬೇಕಾಗಿಲ್ಲ. ಹೊಸ ರಬ್ಬರ್ ಹಾಕಿದ ಮೊದಲ ಎರಡು ದಿನ ಹೇಗೂ ಹಲ್ಲು ನೋಯುತ್ತದೆ, ಅಗಿಯಲು ಆಗುವುದಿಲ್ಲ. ಆಗ ಮೊಸರನ್ನ, ಇಡ್ಲಿ ಜೊತೆ ತೆಂಗಿನಕಾಯಿ ಚಟ್ನಿ, ಉಪ್ಪಿಟ್ಟು, ಹಾಲಿನಲ್ಲಿ ನೆನೆಸಿದ ರೊಟ್ಟಿ ಕೊಡಿ, ಹಲ್ಲಿಗೂ ಹಿತ. ಆಮೇಲೆ ಏನು ತಿಂದರೂ ಎದ್ದ ಕೂಡಲೇ ನೀರು ಮುಕ್ಕಳಿಸುವ ಅಭ್ಯಾಸ ಮಾಡಿಸಿ. ಸಾರಿನ ಬಟ್ಟಲನ್ನು ಹಾಗೇ ಕುಡಿಯುವ ಬದಲು ಅನ್ನಕ್ಕೆ ಕಲಸಿಕೊಂಡರೆ ಮುಂದಿನ ಹಲ್ಲಿಗೆ ತಾಗುವುದು ಕಡಿಮೆ.

ಕಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಹುರಿದ ಶೇಂಗಾ, ಕಬ್ಬು, ಪೇರಲ ಹಣ್ಣನ್ನು ಕಚ್ಚಿ ತಿನ್ನುವುದು, ಐಸ್ ಅಗಿಯುವುದು ಇವೆಲ್ಲ ಬಣ್ಣದ ಪ್ರಶ್ನೆಯಲ್ಲ, ಬ್ರಾಕೆಟ್ಟನ್ನೇ ಕೀಳುತ್ತವೆ. ಕಡಕ್ ರೊಟ್ಟಿಯನ್ನು ಪಲ್ಯದ ರಸದಲ್ಲಿ ಮೆತ್ತಗೆ ಮಾಡಿ ತಿನ್ನಲಿ.

ಕುರ್ಚಿಯ ಮೇಲೆ ಕೂತಾಗ

ಬಣ್ಣ ನಿರ್ಧಾರ ಮಾಡಿಕೊಂಡೇ ಹೋಗಿ, ಮೊದಲನೆಯದು ಇಲ್ಲದಿದ್ದರೆ ಎರಡನೆಯದು ಯಾವುದು ಎಂಬುದನ್ನೂ ಸೇರಿಸಿ. ಫೋನ್ ಮಾಡಿ ಆ ಬಣ್ಣ ಇದೆಯೇ ಎಂದು ಕೇಳಿದರೆ ಯಾರೂ ಬೇಸರಿಸುವುದಿಲ್ಲ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿ ಡಾಕ್ಟರುಗಳು ನೋಡುವುದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ. ಆ ಹೊತ್ತು ಆರಿಸಲು ನಿಮಗೆ ಅನುಕೂಲವೇ.

ಕಡ್ಡಿಯ ಮೇಲೆ ಕಾಣುವ ಬಣ್ಣವನ್ನು ನಂಬಬೇಡಿ. ಅಲ್ಲಿ ರಬ್ಬರ್ ದಪ್ಪಗಿರುತ್ತದೆ. ಬ್ರಾಕೆಟ್ಟಿಗೆ ಎಳೆದು ಸುತ್ತಿದಾಗ ತೆಳುವಾಗಿ ಒಂದು ಛಾಯೆ ತಿಳಿಯಾಗುತ್ತದೆ. ಆದ್ದರಿಂದ ಮನಸ್ಸಿಗೆ ಬಂದದ್ದಕ್ಕಿಂತ ತುಸು ಗಾಢವಾದದ್ದನ್ನೇ ಕೇಳಿ. ಒಂದೇ ಒಂದು ರಬ್ಬರ್ ಮೇಲಿನ ಮುಂದಿನ ಹಲ್ಲಿಗೆ ಹಾಕಿಸಿ, ಕೈಗನ್ನಡಿ ಹಿಡಿದು ಕಿಟಕಿಯ ಕಡೆ ಮುಖ ಮಾಡಿ ನೋಡಲು ಅನುಮತಿ ಕೇಳಿ. ಕುರ್ಚಿಯ ಮೇಲಿನ ದೀಪದ ಬೆಳಕಿನಲ್ಲಿ ಎಲ್ಲ ಬಣ್ಣವೂ ಚೆಂದವೇ. ಎರಡನೇ ಸಲ ನಾವು ಹೀಗೆ ಕೇಳಿದಾಗ ಡಾಕ್ಟರ್ ನಗುತ್ತಲೇ ಒಪ್ಪಿದರು. ಅರ್ಧ ನಿಮಿಷದ ಕೆಲಸ.

ಡಾಕ್ಟರ್ "ಈ ಸಲ ಚೈನ್ ಹಾಕ್ತೀವಿ" ಎಂದರೆ ಯೋಚನೆ ಬದಲಿಸಿ. ಸಂದಿ ಮುಚ್ಚಲು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಜೋಡಿಸಿದ ರಬ್ಬರ್ ಸರಪಳಿ ಅದು. ಬಳೆಗಳಂತೆ ಚುಕ್ಕೆಯಾಗಿ ಕಾಣದೆ ಉದ್ದಕ್ಕೂ ಗೆರೆ ಎಳೆದಂತೆ ಕಾಣುತ್ತದೆ. ಗಾಢ ಬಣ್ಣದ ಚೈನ್ ಹಲ್ಲಿನ ನಡುವೆ ಪೆನ್ನಿನಿಂದ ಗೆರೆ ಬರೆದಂತಾಗುತ್ತದೆ. ಅಲ್ಲಿ ಬೂದು ಅಥವಾ ಬೂದುನೀಲಿ ವಾಸಿ.

ಎರಡು ಬಣ್ಣ, ಹಬ್ಬ, ಮದುವೆ

ಎರಡು ಬಣ್ಣ ಬೇಕೆನ್ನುವವರು ಮೇಲೊಂದು ಕೆಳಗೊಂದು ಹಾಕಿಸಿದರೆ ಅಚ್ಚುಕಟ್ಟು. ಒಂದು ಬಿಟ್ಟು ಒಂದು ಹಾಕಿಸುವುದಾದರೆ ಹತ್ತಿರದ ಬಣ್ಣಗಳಿರಲಿ, ನೀಲಿ ಮತ್ತು ನೇರಳೆಯಂತೆ. ಮೂರಕ್ಕೆ ಹೋದರೆ ನನಗಂತೂ ಕಣ್ಣಿಗೆ ಗೊಂದಲ. ನವೆಂಬರ್ 1ಕ್ಕೆ ಹಳದಿ ಕೆಂಪು ಹಾಕಿಸಿಕೊಳ್ಳುವ ಮಕ್ಕಳ ಉತ್ಸಾಹ ನನಗೆ ಇಷ್ಟ. ಮೇಲಿನ ಸಾಲಿಗೆ ಕೆಂಪು, ಕೆಳಗಿನದಕ್ಕೆ ಹಳದಿ ಹಾಕಿಸಿ, ಹಲ್ಲಿನ ಹಳದಿ ಎದ್ದು ಕಾಣುವುದಿಲ್ಲ, ಬಾವುಟದ ಬಣ್ಣವೂ ಆಗುತ್ತದೆ. ಶಾಲೆಯ ಸಮವಸ್ತ್ರಕ್ಕೆ ಹೊಂದಿಸುವುದು ಒಳ್ಳೆಯ ಉಪಾಯ, ವಾರಕ್ಕೆ ಆರು ದಿನ ಅದನ್ನೇ ತೊಡುವುದಲ್ಲವೇ.

ಮನೆಯಲ್ಲಿ ಮದುವೆ ಇದ್ದರೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ನೆಂಟರೆಲ್ಲ ಸೇರುವವರಿದ್ದರೆ, ಮೂರು ನಾಲ್ಕು ದಿನ ಮುಂಚೆ ರಬ್ಬರ್ ಬದಲಿಸುವಂತೆ ದಿನ ಕೇಳಿಕೊಳ್ಳಿ. ಹಿಂದಿನ ದಿನವೇ ಬದಲಿಸಿದರೆ ನೋವಿನಲ್ಲಿ ಊಟ ಸೇರುವುದಿಲ್ಲ, ಎರಡು ವಾರ ಮೊದಲಾದರೆ ಬಣ್ಣ ಮಾಸಿರಬಹುದು. ಎಸ್ಸೆಸ್ಸೆಲ್ಸಿ ಅರ್ಜಿಯ ಫೋಟೋಗೆ ಇದ್ಯಾವುದೂ ಬೇಡ, ಅಲ್ಲಿ ಬಾಯಿ ಮುಚ್ಚಿಯೇ ಇರುತ್ತದೆ.

ಮಾಡಲೇಬಾರದ್ದು

ಬಣ್ಣ ಹಿಡಿಸಲಿಲ್ಲವೆಂದು ಮನೆಯಲ್ಲಿ ರಬ್ಬರ್ ಕೀಳಬೇಡಿ. ಒಂದು ತಾನಾಗಿ ಬಿದ್ದುಹೋದರೆ ಹೆದರಬೇಕಿಲ್ಲ, ಆದರೆ ಅದೇ ದಿನ ಫೋನ್ ಮಾಡಿ ತಿಳಿಸಿ, ತಂತಿ ಹೊರಬಂದರೆ ಆ ಹಲ್ಲು ಬೇರೆ ದಿಕ್ಕಿಗೆ ತಿರುಗಬಹುದು. ಮಾಸಿದ ರಬ್ಬರಿಗೆ ನಿಂಬೆರಸ, ಅಡುಗೆ ಸೋಡಾ ತಿಕ್ಕಬೇಡಿ. ಹಲ್ಲು ಬಿಳುಪಿಸುವ ಪೇಸ್ಟೂ ಕ್ಲಿಪ್ ಇರುವವರೆಗೆ ಬೇಡ, ಬ್ರಾಕೆಟ್ಟಿನ ಅಡಿ ಒಂದು ಬಣ್ಣ, ಸುತ್ತ ಒಂದು ಬಣ್ಣ ಉಳಿಯಬಹುದು.

ಎಲ್ಲಕ್ಕಿಂತ ಮುಖ್ಯ: ಅಂಗಡಿಯ ಮಾಮೂಲಿ ರಬ್ಬರ್ ಬ್ಯಾಂಡನ್ನು ಹಲ್ಲಿಗೆ ಸುತ್ತಿಕೊಳ್ಳುವುದು, ಆನ್‌ಲೈನಿನಲ್ಲಿ ಸಿಗುವ ಅಲಂಕಾರದ ಕ್ಲಿಪ್ ತರಿಸಿ ಹಾಕಿಕೊಳ್ಳುವುದು, ಇವುಗಳಿಂದ ಮಕ್ಕಳನ್ನು ದೂರವಿಡಿ. ಹಲ್ಲಿಗೆ ನೇರ ಸುತ್ತಿದ ರಬ್ಬರ್ ಮೆಲ್ಲಗೆ ಒಸಡಿನೊಳಕ್ಕೆ ಜಾರಿ ಬೇರಿನ ಸುತ್ತಲ ಮೂಳೆಯನ್ನು ಕರಗಿಸುತ್ತದೆ, ಗಟ್ಟಿ ಹಲ್ಲೇ ಉದುರಿಹೋಗಬಹುದು. ಬಣ್ಣದ ಆಸೆಗೆ ಹತ್ತಿರದವರ ಮಕ್ಕಳು ಯಾರಾದರೂ ಇದನ್ನು ಮಾಡಿದ್ದು ಕಂಡರೆ ಅಂದೇ ಡಾಕ್ಟರ್ ಬಳಿ ಕರೆದುಕೊಂಡು ಹೋಗಿ.

ನಾನು ಇಷ್ಟು ಹೊಗಳಿದ ಗಾಢ ಬಣ್ಣಕ್ಕೂ ಒಂದು ಕೊರತೆ ಇದೆ. ಬಿಳಿ ರಬ್ಬರಿನ ಸುತ್ತ ಕೊಳೆ ನಿಂತರೆ ತಕ್ಷಣ ಕಾಣುತ್ತದೆ, ನೇವಿಯ ಸುತ್ತ ಕಾಣುವುದಿಲ್ಲ. ಬ್ರಾಕೆಟ್ಟಿನ ಸುತ್ತ ಕೊಳೆ ಉಳಿದರೆ ಎನಾಮಲ್ಲಿನ ಖನಿಜ ಕರಗಿ ಸುಣ್ಣದಂಥ ಬಿಳಿ ಚುಕ್ಕೆ ಬೀಳುತ್ತದೆ, ಕ್ಲಿಪ್ ತೆಗೆದ ಮೇಲೂ ಆ ಚುಕ್ಕೆ ಇರುತ್ತದೆ. ಆದ್ದರಿಂದ ಗಾಢ ಬಣ್ಣ ಹಾಕಿಸಿದ ತಿಂಗಳು ರಾತ್ರಿ ಹಲ್ಲುಜ್ಜಿದ ಮೇಲೆ ಫೋನಿನ ಟಾರ್ಚ್ ಹಿಡಿದು ನೀವೇ ಒಮ್ಮೆ ನೋಡಿ. ಬ್ರಾಕೆಟ್ಟಿಗೂ ಒಸಡಿಗೂ ನಡುವಿನ ಜಾಗವನ್ನೇ ಮಕ್ಕಳು ಬಿಡುವುದು.

ನಮ್ಮ ಮನೆಯಲ್ಲಿ ಇದಕ್ಕೆಂದೇ ಒಂದು ಚಿಕ್ಕ ನೋಟ್‌ಬುಕ್ ಇತ್ತು. ರಬ್ಬರ್ ಬದಲಿಸಿದ ದಿನ ಹಿತ್ತಲ ಬಾಗಿಲ ಹತ್ತಿರ ಅದೇ ಜಾಗದಲ್ಲಿ ನಿಂತು ಒಂದು ಫೋಟೋ, ಮೂರು ವಾರಕ್ಕೆ ಇನ್ನೊಂದು. ಪುಸ್ತಕದಲ್ಲಿ ದಿನಾಂಕ, ಸಿಸ್ಟರ್ ಹೇಳಿದ ಬಣ್ಣದ ಹೆಸರು, ಎಷ್ಟು ದಿನಕ್ಕೆ ಮಾಸಿತು, ಶಾಲೆಯಲ್ಲಿ ಯಾರು ಏನೆಂದರು. ಮೊದಲ ಸಾಲಿನಲ್ಲಿ ಮಗಳು ಬರೆದದ್ದು "ಬಿಳಿ. ಬೇಡವೇ ಬೇಡ." ಆರನೆಯದು "ರಾಯಲ್ ನೀಲಿ. 5 ವಾರ. ಚೆನ್ನಾಗಿತ್ತು, ಮತ್ತೆ." ಅವಳ ಕ್ಲಿಪ್ ತೆಗೆಸಿದ ಮೇಲೆ ಆ ಪುಸ್ತಕ ಸಿಂಧನೂರಿಗೆ ಹೋಯಿತು, ಅಲ್ಲಿ ನೇರಳೆಯ ಮೂರು ಸಾಲು ಸೇರಿದವು. ಈಗ ಕೊಪ್ಪಳದಲ್ಲಿದೆ, ಜೀನ್ಸ್ ಬಣ್ಣದ ಹುಡುಗನ ಹತ್ತಿರ.